ನಾಲ್ಕು ನಮಸ್ಕಾರ

ಟೀರ್ ಟೀರ್ ಟೀರ್ ಎಂದಿತು ಬಾಗಿಲ ಬೀಗ, ತೆರೆಯುವಾಗ ಹಾಡುವ ಹಾಡಲ್ಲ ಇದು, ಆಗಲ್ಲ ಹೋಗು ಎನ್ನುವ ಕೂಗು, ಬೆರಳು ಜಾರಿರಬೇಕು, ಬೆಳಗಿನಿಂದ ಬೇಕರಿಯಲ್ಲಿ ಬೆಣ್ಣೆಯಲ್ಲೇ ಮುಳುಗಿದ್ದ ಬೆರಳು, ದಾಸೋಮ್ ಅದನ್ನು ಕೋಟಿಗೆ ಉಜ್ಜಿಕೊಂಡು ಮತ್ತೆ ಒತ್ತಿದಳು, ಎರಡು ಆರು ಸೊನ್ನೆ ಎಂಟು, ಒಂದೊಂದಾಗಿ, ಎಣಿಸಲು ಕಲಿಯುವ ಮಗುವಿನ ಹಾಗೆ — ಟೀರ್ ಟೀರ್ ಟೀರ್. ತಪ್ಪು ಬೆರಳಿನದಲ್ಲ. ಐದು ದಿನದ ಹಿಂದೆ ಅವಳೇ ಇಟ್ಟ ನಂಬರು, ಮದುವೆಯಾಗಿ ಆರು ತಿಂಗಳಲ್ಲಿ ಈ ಮನೆಯಲ್ಲಿ ಅವಳು ಯಾರನ್ನೂ ಕೇಳದೆ ಮಾಡಿದ್ದ ಒಂದೇ ಒಂದು ಕೆಲಸ, ಅದನ್ನು ಯಾರೋ ಅಳಿಸಿಹಾಕಿದ್ದಾರೆ. ಯಾರೋ ಏನು ಬಂತು, ಕೆಳಗೆ ಗಿತೇಯ ಕಾರು ನಿಂತಿದೆ, ಬಾನೆಟ್ ಇನ್ನೂ ಬೆಚ್ಚಗಿತ್ತು, ಫೋನ್ ಮಾಡಿದರೆ ಎತ್ತುತ್ತಿಲ್ಲ, ಗಂಡ ಒಳಗಿದ್ದಾನೆ, ಹೆಂಡತಿ ಹೊರಗಿದ್ದಾಳೆ, ನಡುವೆ ಒಂದು ಕಬ್ಬಿಣದ ಬಾಗಿಲು — ಅವನಿಗೆ ಗೊತ್ತಾಗಿದೆ. ಇಲ್ಲ, ಹೇಗೆ ಗೊತ್ತಾಗುತ್ತದೆ, ನೋಡಿದವರು ಯಾರಿದ್ದಾರೆ. ಗೊತ್ತಾಗಿದೆ, ಇಲ್ಲದಿದ್ದರೆ ನಂಬರು ಯಾಕೆ ಬದಲಾಗುತ್ತದೆ. ಹಳೇ ನಂಬರು ಒತ್ತಿ ನೋಡು, ಅವನ ಹುಟ್ಟುಹಬ್ಬದ್ದು, ಸೊನ್ನೆ ಮೂರು ಒಂದು ನಾಲ್ಕು, ಟೀರ್ ಟೀರ್ ಟೀರ್, ಮೂರಾಯಿತು, ಐದು ಸಲ ತಪ್ಪಿದರೆ ಈ ದರಿದ್ರ ಯಂತ್ರ ಇಡೀ ಮಹಡಿಗೆ ಕೇಳುವಂತೆ ಅರಚಿಕೊಂಡು ಮೂರು ನಿಮಿಷ ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ತಾಳು, ಯೋಚಿಸಿ ಒತ್ತು.

ಈ ಮನೆಗೆ ಬಂದ ದಿನ ಎಷ್ಟು ಖುಷಿಯಾಗಿತ್ತು ಮೂರ್ಖಳಿಗೆ. ಸಾಂಗ್ಜು ಅಂದರೆ ಊರೇ ಅಲ್ಲ ಎಂದು ತವರೂರು ಇಂಚನ್‌ನ ಗೆಳತಿಯರು ನಕ್ಕಿದ್ದರು, ಅಲ್ಲಿ ಮನುಷ್ಯರಿಗಿಂತ ಪರ್ಸಿಮನ್ ಹಣ್ಣೇ ಜಾಸ್ತಿ ಕಣೇ, ನಗಲಿ ಬಿಡಿ, ಐದನೇ ಮಹಡಿ, ಎರಡು ಕೋಣೆ, ಕಿಟಕಿ ತೆಗೆದರೆ ದೂರದಲ್ಲಿ ಸಿಪ್ಪೆ ಸುಲಿದು ಸಾಲು ಸಾಲಾಗಿ ಒಣಗಲು ತೂಗುಹಾಕಿದ ಹಣ್ಣು, ನಮ್ಮದೇ ಮನೆ, ನಾನು ನೀನು ಎರಡೇ ಜನ ಎಂದಿದ್ದ ಗಿತೇ, ಅದೇ ಉಸಿರಿನಲ್ಲಿ, ನಂಬರ್ ಅಮ್ಮಂಗೂ ಕೊಟ್ಟಿದೀನಿ. ಯಾಕೆ. ಯಾಕೆ ಅಂದ್ರೆ ಏನೇ, ಅಮ್ಮ ಅಲ್ವಾ. ಮೂರನೇ ದಿನವೇ ಪಿಕ್ ಪಿಕ್ ಪಿಕ್ ಪಿಕ್ ಎಂದು ನಾಲ್ಕು ಸಲ ಸದ್ದಾಗಿ ಬಾಗಿಲು ಹಾಡಿತು, ಅವಳು ಸ್ನಾನದ ಮನೆಯಿಂದ ಟವೆಲ್ ಸುತ್ತಿಕೊಂಡು ಬಂದರೆ ಅಡುಗೆಮನೆಯಲ್ಲಿ ಅತ್ತೆ, ಫ್ರಿಜ್ಜಿನೊಳಗೆ ತಲೆ ಹಾಕಿ ನಿಂತಿದ್ದಾಳೆ, ಹಣ್ಣು ಸುಲಿದೂ ಸುಲಿದೂ ಕಪ್ಪಗಾದ ಬೆರಳುಗಳು ಡಬ್ಬಿ ಮುಚ್ಚಳ ತೆಗೆದು ತಡಕುತ್ತಿವೆ, ನೀನು ಸ್ನಾನ ಮಾಡ್ಕೋ ಮಗು, ನಾನೇನು ಹೊರಗಿನವಳಾ. ಅವತ್ತು ಸಂಜೆ ನೋಡುತ್ತಾಳೆ, ಇಂಚನ್‌ನಿಂದ ಅವ್ವ ಕಳಿಸಿದ್ದ ಏಡಿ ಇಲ್ಲ, ಸೋಯಾ ರಸದಲ್ಲಿ ಹದಿನೈದು ದಿನ ನೆನೆದ ಏಡಿ, ಡಬ್ಬಿ ಮಾತ್ರ ತೊಳೆದು ಬೋರಲು ಹಾಕಿದೆ, ವಾಸನೆ ಬಂದಿತ್ತು ಮಗು, ಚೆಲ್ಲಿಬಿಟ್ಟೆ, ನಮ್ಮ ಗಿತೇಗೆ ಚಿಕ್ಕವನಿದ್ದಾಗಿಂದ ಏಡಿ ಆಗ್ಬರಲ್ಲ. ಎರಡು ತಟ್ಟೆ ಅನ್ನ ಆ ಏಡಿಯಲ್ಲೇ ತಿಂದಿದ್ದ ನಿಮ್ಮ ಗಿತೇ, ಕೇಳಿದರೆ ತಲೆ ಕೆರೆದುಕೊಂಡು ನಗುತ್ತಾನೆ, ಅಮ್ಮನ ಎದುರಿಗೆ ಅವನ ನಾಲಿಗೆಗೆ ಎಲುಬೂ ಇಲ್ಲ ರುಚಿಯೂ ಇಲ್ಲ. ಆಮೇಲೆ ಬೀರು, ಒಳಉಡುಪುಗಳನ್ನೆಲ್ಲ ಮೂರು ಮಡಿಕೆ ಮಾಡಿ ಜೋಡಿಸಿ, ಎಲಾಸ್ಟಿಕ್ ಹೋಗಿರೋದನ್ನ ಎತ್ತಿ ಹೊರಗಿಟ್ಟಿದೀನಿ, ಗಂಡನ ಕಣ್ಣಿಗೆ ಬೀಳೋ ಬಟ್ಟೆ ಅಲ್ವಾ ಇವು. ಆಮೇಲೆ ಹಾಸಿಗೆ, ಅವಳು ಕೆಲಸಕ್ಕೆ ಹೋಗಿದ್ದಾಗ ಹೊದಿಕೆ ಬದಲಾಯಿಸಿ ಹಳೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದಾಳೆ ಮುದುಕಿ, ನೋಡಿಯೇ ಇರುತ್ತಾಳೆ, ಇಲ್ಲದಿದ್ದರೆ ರಾತ್ರಿ ಫೋನ್ ಮಾಡಿ ಯಾಕೆ ಕೇಳಬೇಕು, ಈ ತಿಂಗಳೂ ಏನೂ ಇಲ್ವಾ ಮಗು, ಅಂತ. ಹಾಲಿನ ಹಾಗೆ ಸಿಹಿಯಾದ ದನಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಜಗಳವಾಡಿದ್ದರೆ ಅತ್ತು ಇಂಚನ್ ಬಸ್ಸು ಹತ್ತಬಹುದಿತ್ತು, ಆ ಹೆಂಗಸು ಒಂದು ದಿನವೂ ದನಿ ಎತ್ತಲಿಲ್ಲ, ಸುಮ್ಮನೆ ಒಳಗೆ ಬರುತ್ತಿದ್ದಳು.

ನಾಲ್ಕನೆಯದು ಮದುವೆಯ ದಿನ, ಸೊನ್ನೆ ನಾಲ್ಕು ಎರಡು ಏಳು, ಅಷ್ಟಾದರೂ ಪ್ರೀತಿ ಇರಬಾರದೇ — ಟೀರ್ ಟೀರ್ ಟೀರ್, ಇಲ್ಲ, ಇಲ್ಲವಂತೆ. ಇನ್ನೊಂದೇ ಉಳಿದಿದೆ. ಕೈ ಜೇಬಿಗೆ ಹಾಕಿಕೊ. ಭಾನುವಾರ ಅವನು ಮಲಗಿದ್ದಾಗ ಬೀಗದ ಮುಚ್ಚಳ ತೆಗೆದು ಹೊಸ ನಂಬರು ಇಟ್ಟದ್ದು, ತವರಿನ ಫ್ಲ್ಯಾಟಿನ ಸಂಖ್ಯೆ, ಎರಡು ಆರು ಸೊನ್ನೆ ಎಂಟು, ಆಮೇಲೆ ಹೇಳಿದರಾಯಿತು, ನಾಳೆ ಹೇಳೋಣ, ಸೋಮವಾರ ಅವನಿಗಿಂತ ಮೊದಲು ಮನೆ ಸೇರಿ ತಾನೇ ಬಾಗಿಲು ತೆರೆದಳು, ಹೇಳಲಿಲ್ಲ, ಮಂಗಳವಾರ ಅವಳಿಗೆ ರಜೆ, ಮಧ್ಯಾಹ್ನ ಮೂರೂವರೆ, ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಪಿಕ್ ಪಿಕ್ ಪಿಕ್ ಪಿಕ್. ಟೀರ್ ಟೀರ್ ಟೀರ್. ಎಂಥ ಸಂಗೀತ! ಗೋಡೆಯ ಮೇಲಿನ ಪುಟ್ಟ ಪರದೆ ಒತ್ತಿದರೆ ಹೊರಗೆ ಮುದುಕಿ, ಮೇಲಿನಿಂದ ಕಾಣುವ ನರೆತ ತಲೆ, ಬೈತಲೆ, ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಗಂಟು, ತಂದಳು ನೋಡು ಮತ್ತೆ ಹತ್ತು ಕಿಲೋ ಎಲೆಕೋಸಿನ ಕಿಮ್ಚಿ, ಈಗ ಒತ್ತು, ಒತ್ತು ನೋಡೋಣ. ಬೆಲ್ಲು ಹೊಡೆದಳು. ಹೊಡೆಯಲಿ. ದಾಸೋಮ್, ಒಳಗಿದೀಯಾ ಮಗು. ಇಲ್ಲ. ಫೋನು ದಿಂಬಿನ ಕೆಳಗೆ ಗುರ್ ಗುರ್ ಎಂದು ಮಿಸುಕಾಡಿ ಸುಮ್ಮನಾಯಿತು. ಪರದೆ ನಿಮಿಷಕ್ಕೊಮ್ಮೆ ಆರುತ್ತದೆ, ಅವಳು ಮತ್ತೆ ಒತ್ತುತ್ತಾಳೆ, ಆರುತ್ತದೆ, ಒತ್ತುತ್ತಾಳೆ, ಬರಿಗಾಲಲ್ಲಿ ಉಸಿರು ಬಿಗಿಹಿಡಿದು, ಸಿನಿಮಾ ನೋಡಿದ ಹಾಗೆ. ಎದುರು ಮನೆಯ ಅಜ್ಜಿ ಬಾಗಿಲು ತೆಗೆದು ಏನಮ್ಮಾ ಸೊಸೆ ಬೀಗ ಹಾಕ್ಕೊಂಡು ಹೋಗಿದಾಳಾ ಅಂತ ಒಂದು ಸ್ಟೂಲು ಕೊಟ್ಟು ಹೋದಳು, ಮುದುಕಿ ಕೂರಲಿಲ್ಲ, ಅರ್ಧ ಗಂಟೆ ನಿಂತಳು, ಅರ್ಧ ಗಂಟೆಯೂ ದಾಸೋಮ್‌ಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಬೇಕು, ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಆಮೇಲೆ ಮುದುಕಿ ಗಂಟು ಬಿಚ್ಚಿದಳು. ಕಿಮ್ಚಿ ಅಲ್ಲ. ಪಿಯರ್ ಹಣ್ಣು, ನೆತ್ತಿ ಕತ್ತರಿಸಿದ ದೊಡ್ಡ ದೊಡ್ಡ ಪಿಯರ್, ಪರ್ಸಿಮನ್, ತಲೆ ಸಮೇತ ಬೇಯಿಸಿದ ಮೀನು, ಅನ್ನದ ಬಟ್ಟಲು, ಅನ್ನಕ್ಕೆ ನೆಟ್ಟಗೆ ಚುಚ್ಚಿದ ಚಮಚ — ಅಯ್ಯೋ. ಸತ್ತವರಿಗೆ ಮಾತ್ರ ಹಾಗೆ ಚುಚ್ಚುವುದು. ಮಾವನ ತಿಥಿ. ಮಾವನ ತಿಥಿ ಇವತ್ತೇ? ಇನ್ನೂ ಹನ್ನೆರಡು ದಿನ ಇದೆ, ಫೋನಿನಲ್ಲಿ ಬರೆದಿಟ್ಟಿದ್ದಾಳೆ, ಹೋದ ವರ್ಷ ನಿಶ್ಚಯವಾದ ಹುಡುಗಿಯಾಗಿ ಬಂದಿದ್ದಾಗ ನವೆಂಬರ್ ಹತ್ತು, ಪ್ರತಿ ವರ್ಷ ನವೆಂಬರ್ ಹತ್ತು — ಎಂಥ ಕತ್ತೆ, ತಿಥಿ ಎಲ್ಲಾದರೂ ಇಂಗ್ಲಿಷ್ ತಾರೀಕಿನಲ್ಲಿ ಬರುತ್ತದೆಯೇ, ಚಂದ್ರನ ಲೆಕ್ಕ, ಒಂಬತ್ತನೇ ತಿಂಗಳ ಇಪ್ಪತ್ತೇಳು, ಈ ಸಲ ಹಿಂದಕ್ಕೆ ಸರಿದು ಅಕ್ಟೋಬರಿನಲ್ಲೇ ಬಂದು ಕೂತಿದೆ. ಮಗನಿಗೆ ಮದುವೆಯಾಯ್ತಲ್ಲ, ಇನ್ಮೇಲೆ ಅವರಿಗೆ ಎಡೆ ನಿಮ್ಮ ಮನೇಲೇ, ನಾನು ಅಡುಗೆ ಮಾಡ್ಕೊಂಡು ತರ್ತೀನಿ ಬಿಡು, ಹಬ್ಬದಲ್ಲಿ ಮುದುಕಿ ಹೇಳಿದ್ದಳು, ಆಗಲಿ ಅತ್ತೆ ಎಂದಿದ್ದಳು ಇವಳು, ಯಾವತ್ತು ಎಂದು ಕೇಳಿದವರು ಯಾರು.

ಆಗಲೇ ತೆರೆಯಬಹುದಿತ್ತು. ಕೈ ಹಿಡಿಕೆಯ ಮೇಲಿತ್ತು. ಆದರೆ ತೆರೆದು ಏನು ಹೇಳುವುದು, ನಿದ್ದೆ ಬಂದಿತ್ತು ಎಂದೇ, ಇಷ್ಟು ಬೆಲ್ಲಿಗೆ ಹೆಣವೂ ಎದ್ದು ಕೂರುತ್ತದೆ. ಮುದುಕಿ ಪಕ್ಕದ ಗೋಡೆಯ ಕೊಡೆ ಇಡುವ ಗೂಡಿಗೆ ಮಾವನ ಫೋಟೋ ಒರಗಿಸಿದಳು, ಮುಂದೆ ತಟ್ಟೆ ಜೋಡಿಸಿದಳು, ಎರಡೂ ಕೈಯಿಂದ ಸ್ವೆಟರಿನ ಅಂಚು ಎಳೆದು ಸರಿಮಾಡಿಕೊಂಡಳು, ಬಾಗಿಲಿಗೆ ಮುಖ ಮಾಡಿ ನಿಂತಳು. ಹೌದು, ಈ ದಿನ ಬಾಗಿಲು ಒಂದಿಷ್ಟು ತೆರೆದಿಡಬೇಕು, ಸತ್ತವರು ಒಳಗೆ ಬರಲು, ಅದಕ್ಕೇ ಬಾಗಿಲಿಗೇ ಬಾಗುತ್ತಿದ್ದಾಳೆ ಎಂದುಕೊಂಡಳು ದಾಸೋಮ್. ತಲೆ ಕೆಳಗಿಳಿದು ಪರದೆಯಿಂದ ಮಾಯವಾಯಿತು, ಮೇಲೆ ಬಂತು. ಒಂದು. ಹೊಸ ವರ್ಷದಲ್ಲಿ ಇದೇ ಅತ್ತೆ ನಮಸ್ಕಾರ ಹೇಳಿಕೊಟ್ಟಿದ್ದಳು, ಬದುಕಿರೋರಿಗೆ ಒಂದೇ ಸಲ ಮಗು, ಸತ್ತೋರಿಗೆ ಗಂಡಸರು ಎರಡು ಹೆಂಗಸರು ನಾಲ್ಕು, ನಂಗೆ ನಾಲ್ಕು ಹಾಕ್ಬಿಟ್ಟೀಯ ಜೋಕೆ, ಎಂದು ಹಲ್ಲು ಕಾಣುವಂತೆ ನಕ್ಕಿದ್ದಳು. ಎರಡು. ಮಂಡಿ ಹಿಡಿದುಕೊಂಡು ಏಳುತ್ತಿದ್ದಾಳೆ. ಮೂರು. ಈಗ ತೆರೆದರೂ ಆಗುತ್ತದೆ. ನಾಲ್ಕು. ತೆರೆಯಲಿಲ್ಲ. ಮುದುಕಿ ಎಲ್ಲ ಕಟ್ಟಿಕೊಂಡು ಲಿಫ್ಟಿನಲ್ಲಿ ಇಳಿದ ಮೇಲೆ ದಾಸೋಮ್ ಅಡುಗೆಮನೆಯ ನಲ್ಲಿಯ ಕೆಳಗೆ ತಲೆಯೊಡ್ಡಿ ಕೂದಲು ಒದ್ದೆ ಮಾಡಿಕೊಂಡಳು, ಸಾಬೂನಿನ ಬುಟ್ಟಿ ಹಿಡಿದು ಮೆಟ್ಟಿಲಿಂದ ಹಿತ್ತಿಲ ಗೇಟಿಗೆ ಓಡಿ, ಒಂದು ಸುತ್ತು ಹಾಕಿ ಮುಂದಿನಿಂದ ಬಂದಳು, ಕಾವಲುಗಾರನ ಗೂಡಿನ ಹತ್ತಿರ ಬೆಂಚಿನ ಮೇಲೆ ತಾಯಿ, ಕೆಲಸ ಬಿಟ್ಟು ಓಡಿಬಂದ ಮಗ. ಅಯ್ಯೋ ಅತ್ತೆ, ಸ್ನಾನದ ಮನೆಗೆ ಹೋಗಿದ್ದೆ, ಪೇಟೆಯಲ್ಲಿ ದುಡ್ಡು ಕೊಟ್ಟು ಮಾಡೋದಕ್ಕೆ, ಫೋನ್ ಮನೇಲೇ ಬಿಟ್ಟಿದ್ದೆ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಯಾರೂ ಅನುಮಾನ ಪಡಲಿಲ್ಲ. ಅವನಪ್ಪನ ತಿಥಿ ಅವನಿಗೂ ನೆನಪಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ, ಮರೆತದ್ದು ಸೊಸೆ ಮಾತ್ರ. ಅವತ್ತು ಊಟ ಮಾಡುತ್ತಾ ಅನ್ನ ನೋಡುತ್ತಲೇ ಹೇಳಿದ, ನಂಬರ್ ಬದಲಾಯಿಸಿದ್ದು ಹೋಗ್ಲಿ, ಮರೆತಿದ್ದೂ ಹೋಗ್ಲಿ, ನೀನೇನಾದ್ರೂ ಒಳಗೇ ಇದ್ದು ಬಾಗಿಲು ತೆಗೀದೇ ಇದ್ದಿದ್ರೆ ನಾನು ನಿನ್ ಜೊತೆ ಒಂದಿನವೂ ಬಾಳ್ತಿರ್ಲಿಲ್ಲ ದಾಸೋಮ್. ಅವನು ಒಂದು ವಿಷಯದಲ್ಲಿ ಮಾತ್ರ ಗಟ್ಟಿ, ಹೇಳಿದ್ದನ್ನು ಮಾಡುತ್ತಾನೆ. ಅವಳು ಮೀನಿನ ಮುಳ್ಳು ಬಿಡಿಸಿ ಅವನ ಅನ್ನದ ಮೇಲಿಟ್ಟಳು.

ಐದನೆಯದು, ಅತ್ತೆಯ ಹುಟ್ಟುಹಬ್ಬ, ಒಂದು ಎರಡು ಸೊನ್ನೆ ಐದು, ಒತ್ತಿದಳು, ಒತ್ತಬಾರದಿತ್ತು, ಯಂತ್ರ ಬಾಯಿ ಬಡಿದುಕೊಳ್ಳತೊಡಗಿತು, ಎದುರು ಬಾಗಿಲು ತೆರೆದೇಬಿಟ್ಟಿತು, ಅಜ್ಜಿ, ಏನಮ್ಮಾ, ಸ್ವಂತ ಮನೆಗೇ ಕನ್ನ ಹಾಕ್ತಿದೀಯಾ, ನಿಮ್ಮನೇಲಿ ದಿನಾ ಒಬ್ಬರು ಹೊರಗೆ ನಿಂತ್ಕೊಬೇಕು ಅಂತ ಹರಕೆನಾ, ಎಂದು ನಕ್ಕು ಮುಚ್ಚಿಕೊಂಡಳು. ಕಿವಿ ಬಿಸಿಯಾಗಿದೆ. ಅಜ್ಜಿ ಹೇಳಿರಬಹುದೇ, ಸ್ಟೂಲು ಕೊಡುವಾಗ ಒಳಗೆ ಕಾಲಸಪ್ಪಳ ಕೇಳಿತ್ತು ಅಂತ, ಬರಿಗಾಲಿತ್ತು, ಸಪ್ಪಳ ಎಲ್ಲಿಂದ. ಹಿತ್ತಿಲ ಗೇಟಿನಲ್ಲಿ ಯಾರಾದರೂ, ಅಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಹಾಗಾದರೆ ಯಾರು, ಯಾರು ಹೇಳಿದ್ದು, ಗಿತೇ, ತೆಗಿಯೋ, ಬೆಲ್ಲು ಹೊಡೆಯಲು ಕೂಡ ಧೈರ್ಯವಿಲ್ಲ, ಬೆಲ್ಲು ಹೊಡೆದರೆ ಅತಿಥಿಯಾಗಿಬಿಡುತ್ತಾಳೆ, ಬಟನ್ನನ್ನೇ ನೋಡುತ್ತಾ ನಿಂತಿದ್ದಾಳೆ, ಆಗ ಅದರ ಪಕ್ಕದಲ್ಲಿ, ಕ್ಯಾಮೆರಾದ ಕಣ್ಣಿನ ಕೆಳಗೆ, ಸಾಸಿವೆಯಷ್ಟು ಹಸಿರು ದೀಪ ಹತ್ತಿತು. ಇಷ್ಟು ದಿನ ಇದನ್ನು ನೋಡಿಯೇ ಇಲ್ಲ. ತಾನು ಒತ್ತಿಲ್ಲ, ಹತ್ತಿದ್ದು ಯಾಕೆ. ಆರಿತು. ಒಳಗಿನಿಂದ ಬಾಗಿಲು ತೆರೆಯಿತು.

ಅತ್ತೆ. ಸೊಂಟಕ್ಕೆ ದಾಸೋಮ್‌ಳದೇ ಅಡುಗೆಯ ಏಪ್ರನ್. ಬಂದ್ಯಾ ಮಗು, ಅಯ್ಯೋ ಎಷ್ಟೊತ್ತಾಯ್ತು ನಿಂತು, ನಂಬರು ನಾನೇ ಬದಲಾಯಿಸ್ದೆ, ನಿಮ್ಮ ಮಾವನ ದಿನ, ಸೊನ್ನೆ ಒಂಬತ್ತು ಎರಡು ಏಳು, ದಿನಾ ಒತ್ತಿದ್ರೆ ಮರೆಯಲ್ಲ ನೋಡು, ಗಿತೇನೂ ಒಳ್ಳೇದು ಅಂದ. ಗಿತೇ ಎಲ್ಲಿ ಅತ್ತೆ. ಸ್ನಾನಕ್ಕೆ ಹೋಗಿದಾನೆ, ನೀರು ಬೀಳ್ತಿರೋದು ಕೇಳ್ತಿಲ್ವಾ. ಅಷ್ಟೇ, ಅಷ್ಟೇನಾ, ದೇವರೇ, ಗೊತ್ತಾಗಿಲ್ಲ, ಅವನಿಗೆ ಏನೂ ಗೊತ್ತಾಗಿಲ್ಲ, ಶೂ ಬಿಚ್ಚಲು ಕೂತಳು, ಅತ್ತೆಯೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕಪ್ಪು ಬೆರಳುಗಳಿಂದ ಅವಳ ಕೊರಳಿನ ಮಫ್ಲರ್ ಬಿಚ್ಚತೊಡಗಿದಳು, ಒಂದೊಂದೇ ಸುತ್ತು, ಹಾಲಿನಂಥ ದನಿ, ಕಿವಿಯ ಹತ್ತಿರ. ಬೆಲ್ಲಿನ ಪಕ್ಕ ಹಸಿರು ದೀಪ ಇದೆ ನೋಡು, ಅದು ಒಳಗಿಂದ ಯಾರಾದ್ರೂ ನೋಡ್ತಿದ್ರೆ ಮಾತ್ರ ಹತ್ತೋದು, ನಿಂಗೆ ಗೊತ್ತಿರ್ಲಿಲ್ವೇನೋ. ಅವತ್ತು ನಲವತ್ತು ನಿಮಿಷ, ಆರೋದು ಹತ್ತೋದು, ಆರೋದು ಹತ್ತೋದು. ಗಿತೇಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ ಬಿಡು, ನಾನಿರೋವರೆಗೂ. ಏಳು, ಕೈ ತೊಳ್ಕೋ, ಅನ್ನ ಹಾಕ್ತೀನಿ. ನೀರು ಬೀಳುವ ಸದ್ದು ನಿಂತಿತು. ಅವತ್ತು ಪರದೆಯಲ್ಲಿ ಮಾವನ ಫೋಟೋ ಎಡಗಡೆ ಇತ್ತು, ಕೊಡೆಯ ಗೂಡಿನಲ್ಲಿ, ತಟ್ಟೆಗಳೂ ಎಡಗಡೆ, ಅಲ್ಲಿಗೆ ಬೆನ್ನು ತಿರುಗಿಸಿ ಸ್ವೆಟರು ಎಳೆದುಕೊಂಡು ನಿಂತ ಮುದುಕಿ ತಲೆಯೆತ್ತಿದ್ದಳು, ಬಾಗಿಲನ್ನಲ್ಲ, ದೀಪ ಉರಿಯುತ್ತಿದ್ದ ಆ ಕಣ್ಣನ್ನು ನೆಟ್ಟಗೆ ನೋಡಿದ್ದಳು, ಆಮೇಲೆ ತಲೆ ಕೆಳಗಿಳಿಯಿತು, ಮೇಲೆ ಬಂತು, ಒಂದು, ಕೆಳಗಿಳಿಯಿತು, ಮೇಲೆ ಬಂತು, ಎರಡು, ನೋಡುತ್ತಲೇ, ಮೂರು, ದಾಸೋಮ್‌ಳನ್ನೇ ನೋಡುತ್ತಾ, ನಾಲ್ಕು, ತಲೆ ಕೆಳಗಿಳಿಯಿತು, ಮೇಲೆ ಬಂತು, ನಾಲ್ಕು, ಮೇಲೆ ಬಂತು, ನಾಲ್ಕು