ನೀರ ಮೇಲಿನ ಕೇರಿಯವಳು

ಅರ್ಬಾಯಿನಾ ಉಟ್ಟ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಬಾಗಿಲಿಗೆ ಅಡ್ಡ ಹೊಡೆದಿದ್ದ ಹಲಗೆಯನ್ನು ದಾಟಿದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇರುವಾಗಲೇ ಒಳಗಿನ ಓದು ನಿಂತಿತು. ಹೆಣದ ಸುತ್ತ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು.

"ಬಂದೇ ಬಿಟ್ಟಳಲ್ಲ," ಎಂದಳು ರುಕಾಯಾ. ಪಕ್ಕದವಳ ಕಿವಿಯಲ್ಲಿ ಹೇಳಿದ ಹಾಗಿತ್ತು, ಎಲ್ಲರಿಗೂ ಕೇಳಿಸಿತು.

"ಕರೆದರು, ಬಂದೆ. ನಿನ್ನ ಹಾಗೆ ಅನ್ನದ ವಾಸನೆ ಹಿಡಿದು ಬಂದವಳಲ್ಲ," ಎಂದಳು ಅರ್ಬಾಯಿನಾ.

ರುಕಾಯಾ ಮಡಿಲಲ್ಲಿದ್ದ ಬಾಳೆ ಎಲೆಯ ಪೊಟ್ಟಣವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ಯಾರೋ ನಗು ತಡೆದುಕೊಂಡರು. ಓದು ಮತ್ತೆ ಶುರುವಾಯಿತು.

ಸತ್ತವಳು ಮಸ್ನಿಯಾ. ಬೆಳಗಿನ ಜಾವ ಎಂದಿನಂತೆ ಎದ್ದು, ಅರಿಸಿನ, ತೆಂಗಿನ ಹಾಲು ಹಾಕಿ ಅನ್ನದ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟು, ಸ್ವಲ್ಪ ಬೆನ್ನು ಚಾಚುತ್ತೇನೆಂದು ಮಲಗಿದವಳು ಏಳಲಿಲ್ಲ. ಅನ್ನ ಮಾತ್ರ ಸರಿಯಾಗಿ ಬೆಂದಿತ್ತು. ಕಚ್ಚಾ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯ ಗೇಟಿನಲ್ಲಿ ಮಾರಬೇಕಿದ್ದ ಆ ಹಳದಿ ಅನ್ನವನ್ನೇ ಮಗಳು ಜುಮಿಯಾತಿ ಬಂದವರಿಗೆಲ್ಲ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಚೆಲ್ಲುವುದು ಹೇಗೆ, ಅಮ್ಮನ ಕೈಯಿಂದಾದದ್ದು ಅದೇ ಕೊನೆ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು.

ಜುಮಿಯಾತಿ ಬಂದು ಅರ್ಬಾಯಿನಾಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

"ನೀವು ಬರಲ್ಲ ಅಂದ್ಕೊಂಡಿದ್ದೆ ಚಿಕ್ಕಮ್ಮ."

"ಬೇರೆ ಯಾರೂ ಸಿಗಲಿಲ್ವಾ ನಿಂಗೆ, ಮೀಯಿಸೋಕೆ?"

"ಅಮ್ಮ ಯಾವಾಗಲೂ ಹೇಳ್ತಿದ್ರು, ಅರ್ಬಾಯಿನಾನ್ನೇ ಕರೀರಿ ಅಂತ. 'ನನ್ನ ಬಗ್ಗೆ ಆಡೋದೆಲ್ಲ ಅವಳು ಆಡಿ ಮುಗಿಸಿದಾಳೆ, ಹೊಸದಾಗಿ ಆಡೋಕೆ ಏನೂ ಉಳಿದಿಲ್ಲ. ಅವಳೇ ವಾಸಿ' ಅಂತಿದ್ರು."

ಅರ್ಬಾಯಿನಾಳ ತುಟಿ ಒಂದು ಬದಿಗೆ ವಾಲಿತು. ಅದು ಮಸ್ನಿಯಾಳದೇ ಮಾತು, ಅವಳ ದನಿ ಸಮೇತ. ಇಷ್ಟು ವರ್ಷ ಕೇಳದಿದ್ದರೂ ಗುರುತು ಸಿಕ್ಕಿತು.

ಅವಳು ಒಳಕ್ಕೆ ಹೋಗುವಾಗ ರುಕಾಯಾ ಕೂತಲ್ಲಿಂದಲೇ ಅವಳ ಬಟ್ಟೆಯ ಅಂಚು ಹಿಡಿದೆಳೆದಳು. "ಮೀಯಿಸೋದು ಮೀಯಿಸ್ತೀಯ. ಆಮೇಲೆ ಇಮಾಮರು ಕೇಳ್ತಾರಲ್ಲ, ಆಗ? ನಿನ್ನ ಮಾತು ನಾವ್ಯಾರೂ ಮರೆತಿಲ್ಲ."

ಅರ್ಬಾಯಿನಾ ಅಂಚನ್ನು ಬಿಡಿಸಿಕೊಂಡು ಒಳಗೆ ಹೋದಳು. ಅವಳೂ ಮರೆತಿರಲಿಲ್ಲ.

*

ಅವರೆಲ್ಲ ಮೊದಲಿದ್ದ ಕೇರಿಗೆ ನೆಲವೇ ಇರಲಿಲ್ಲ. ಬಾಲಿಕ್‌ಪಾಪನ್ ಕೊಲ್ಲಿಯ ಕೆಸರಿನಲ್ಲಿ ಗಟ್ಟಿ ಮರದ ಕಂಬಗಳನ್ನು ಹೂತು, ಕಂಬಗಳ ಮೇಲೆ ಮನೆ, ಮನೆಯಿಂದ ಮನೆಗೆ ಹಲಗೆಯ ದಾರಿ. ಬೇಲಿಯ ಆಚೆ ಕಾರ್ಖಾನೆ. ಅದರ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿಯ ಬೆಳಕಲ್ಲೇ ಹೆಂಗಸರು ಮೀನು ಕೊಯ್ಯುತ್ತಿದ್ದರು. ಎಂದಾದರೂ ಆ ಬೆಂಕಿ ಸಣ್ಣದಾದರೆ ಮಲಗಿದ್ದ ಕೂಸುಗಳು ಕತ್ತಲಿಗೆ ಹೆದರಿ ಎದ್ದು ಅಳುತ್ತಿದ್ದವು.

ಅರ್ಬಾಯಿನಾ, ಮಸ್ನಿಯಾ ಇಬ್ಬರೂ ಒಂದೇ ವರ್ಷ ಆ ಕೇರಿಗೆ ಸೊಸೆಯರಾಗಿ ಬಂದವರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಸಂದಿನಲ್ಲಿ ಒಣಮೆಣಸು, ಉಪ್ಪು, ಊರಿನ ಸುದ್ದಿ ಎಲ್ಲವೂ ಹೋಗಿ ಬರುತ್ತಿದ್ದವು. ಮಸ್ನಿಯಾ ಅನ್ನ ಮಾರಲು ತೊಡಗಿದಾಗ ಅವಳನ್ನೂ ಪಾತ್ರೆಯನ್ನೂ ದಿನಾ ಬೆಳಿಗ್ಗೆ ದೋಣಿಯಲ್ಲಿ ಕಾರ್ಖಾನೆಯ ದಡಕ್ಕೆ ಮುಟ್ಟಿಸುತ್ತಿದ್ದವನು ಅರ್ಬಾಯಿನಾಳ ಗಂಡ ಶಹ್ರಾನಿ. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೋಗುವವರು ನಿಂತಲ್ಲೇ ಉಣ್ಣುತ್ತಿದ್ದರು. ಮೊದಮೊದಲು ಟ್ಯಾಂಕು ಕಟ್ಟುವವರು, ಆಮೇಲೆ ಜಾವಾದಿಂದ, ಸುಲಾವೆಸಿಯಿಂದ ಬಂದ ಪೈಪಿನ ಕೆಲಸದವರು, ಆಮೇಲೆ ಗುಡ್ಡ ಕಡಿದು ಎತ್ತರದ ಕಟ್ಟಡ ಎಬ್ಬಿಸುವವರು. ಊರು ಬೆಳೆದದ್ದು ಮಸ್ನಿಯಾಗೆ ಗೊತ್ತಾಗುತ್ತಿದ್ದದ್ದು ಪಾತ್ರೆಯಿಂದ. ಅವಳು ಹಿಂದಿನದಕ್ಕಿಂತ ದೊಡ್ಡ ಪಾತ್ರೆ ಕೊಳ್ಳುವ ಹೊತ್ತಿಗೆಲ್ಲ ಕಾರ್ಖಾನೆಯ ಬೇಲಿಯೂ ಒಂದಿಷ್ಟು ಇತ್ತ ಬಂದಿರುತ್ತಿತ್ತು.

ಅವಳಿಗೊಬ್ಬ ಮಗನಿದ್ದ, ಅನಾಂಗ್. ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ. ಒಂದು ಮಧ್ಯಾಹ್ನ, ನೀರು ಏರಿದ್ದ ಹೊತ್ತಿನಲ್ಲಿ, ತೆರೆದ ಬಾಗಿಲಿಂದ ಹೊರಗೆ ಹೋಗಿ ಹಲಗೆಗಳ ನಡುವಿನಿಂದ ಜಾರಿದ. ಶಹ್ರಾನಿ ಧುಮುಕಿ, ಕಂಬಗಳ ನಡುವೆ ತಡಕಾಡಿ, ಮಗುವನ್ನು ಎತ್ತಿ ತಂದ. ಮಲಗಿದ ಮಗುವಿನ ಹಾಗೇ ಇತ್ತು, ಉಸಿರಿರಲಿಲ್ಲ. ಮಸ್ನಿಯಾ ಆ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಬೆಳಗಾದರೆ ಅನ್ನದ ಪಾತ್ರೆ ಹೊತ್ತು ಅದೇ ಹಲಗೆಯನ್ನು ದಾಟಿ ದೋಣಿ ಹತ್ತುತ್ತಿದ್ದಳು. ಮುಂದೆ ಜುಮಿಯಾತಿ ಹುಟ್ಟಿ ನಡೆಯುವ ತನಕ ಅವಳನ್ನು ಸೊಂಟದಿಂದ ಕೆಳಗಿಳಿಸಿದ್ದನ್ನು ಯಾರೂ ಕಾಣಲಿಲ್ಲ.

ಕೊನೆಗೆ ಬೇಲಿ ಕೇರಿಯನ್ನೇ ಕೇಳಿತು. ನಮಾಜಿನ ಕಟ್ಟೆಯಲ್ಲಿ ಎಲ್ಲರೂ ಸೇರಿ, ಜಾಗ ಬಿಟ್ಟುಕೊಡುವ ಕಾಗದಕ್ಕೆ ಯಾರೂ ಸಹಿ ಹಾಕಕೂಡದೆಂದು ಮಾತಾಯಿತು. ಒಗ್ಗಟ್ಟಾಗಿದ್ದರೆ ಯಾರೂ ಎಬ್ಬಿಸಲಾರರು ಎಂದು ಶಹ್ರಾನಿಯೇ ಎದ್ದು ನಿಂತು ಹೇಳಿದ್ದ. ಮಸ್ನಿಯಾ ಮೂಲೆಯಲ್ಲಿ ಕೂತು ಕೇಳಿದ್ದಳು. ಆಮೇಲೆ ಮೊದಲು ಹೋಗಿ ಸಹಿ ಹಾಕಿದವಳು ಅವಳೇ. ಅವಳ ಮನೆ ಕಳಚಿದ ಮೇಲೆ ಪಕ್ಕದ ಮನೆಗಳು ಅಲ್ಲಾಡಿದವು, ಜನರೂ ಅಲ್ಲಾಡಿದರು. ಮಳೆಗಾಲದೊಳಗೆ ಕಂಬಗಳನ್ನೂ ಕಿತ್ತು ಆಯಿತು.

ಬದಲಿಗೆ ಸಿಕ್ಕ ಗುಡ್ಡದ ಮೇಲಿನ ಸಿಮೆಂಟಿನ ಮನೆಯಲ್ಲಿ ಶಹ್ರಾನಿಗೆ ನಿದ್ದೆ ಬರುತ್ತಿರಲಿಲ್ಲ. ಕೆಳಗೆ ನೀರಿನ ಸದ್ದಿಲ್ಲ ಎನ್ನುತ್ತಿದ್ದ. ದೋಣಿ ಕಟ್ಟಲು ಜಾಗವಿಲ್ಲದೆ ಅದು ದಡದಲ್ಲೇ ಬಿಸಿಲಿಗೆ ಸೀಳಿತು. ಅವನು ದಿನಾ ಇಳಿದು ಹೋಗಿ ಅದನ್ನು ನೋಡಿ ಬರುತ್ತಿದ್ದ. ಮುಂದಿನ ಮಳೆ ಬರುವಷ್ಟರಲ್ಲಿ ತೀರಿಹೋದ. ಅವತ್ತು ಮಸ್ನಿಯಾ ಅನ್ನದ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಾಗ, ನೆರೆದಿದ್ದ ಕೇರಿಯವರ ಎದುರಿಗೆ ಅರ್ಬಾಯಿನಾ ಹೇಳಿದ್ದಳು:

"ನಿನ್ನ ಜನಾಜಾದ ಮುಂದೆ ಇಮಾಮರು ಕೇಳೋ ದಿನ ಬರುತ್ತೆ, ಇವಳು ಒಳ್ಳೆಯವಳಾ ಅಂತ. ಎಲ್ಲರೂ ಹೂಂ ಅನ್ನಲಿ. ನನ್ನ ಬಾಯಿಂದ ಆ ಮಾತು ಬರಲ್ಲ ಮಸ್ನಿಯಾ. ದೇವರ ಮುಂದೆ ನಾನು ಸುಳ್ಳು ಹೇಳಲ್ಲ."

ಮಸ್ನಿಯಾ ಬುಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋಗಿದ್ದಳು. ಅದೇ ಕೊನೆ. ಆಮೇಲೆ ಇಬ್ಬರೂ ಒಂದೇ ಸಂತೆಗೆ ಹೋದರೂ ಬೇರೆ ಬೇರೆ ಬದಿಯಲ್ಲಿ ನಡೆದರು.

*

ಹಿಂದಿನ ಕೋಣೆಯಲ್ಲಿ ನಾಲ್ಕು ಕಡೆಯೂ ಬಟ್ಟೆ ಕಟ್ಟಿ ಮರೆಮಾಡಿದ್ದರು. ಬೋರೆ ಎಲೆ ಹಾಕಿದ ನೀರು ಒಂದು ಕಡೆ, ಕರ್ಪೂರದ ನೀರು ಇನ್ನೊಂದು ಕಡೆ. ಜುಮಿಯಾತಿ ನೀರು ಹೊಯ್ಯಲು ನಿಂತಳು.

ಕೇರಿಯ ಹೆಂಗಸರನ್ನೆಲ್ಲ ಕೊನೆಗೆ ಮೀಯಿಸಿದ್ದು ಅರ್ಬಾಯಿನಾಳೇ. ಅವಳ ಅತ್ತೆ ಕಲಿಸಿಕೊಟ್ಟ ಕೆಲಸ ಅದು. ಕೈಗೆ ಸಿಕ್ಕಿದ್ದು ಬಾಯಿಗೆ ಬರಬಾರದು ಎಂಬುದೊಂದೇ ನಿಯಮ. ಗಂಡನ ಹೊಡೆತದ ಗುರುತು, ಯಾರಿಗೂ ತೋರಿಸದೆ ಬೆಳೆದ ಗಂಟು, ಬಡತನದಲ್ಲಿ ತೇಪೆ ಹಾಕಿ ಹೊಲಿದ ಒಳಬಟ್ಟೆ, ಎಲ್ಲವನ್ನೂ ಅವಳು ಕಂಡಿದ್ದಳು. ಒಂದನ್ನೂ ಹೊರಗೆ ಆಡಿರಲಿಲ್ಲ.

ಮಸ್ನಿಯಾಳ ಮುಂಗೈಯ ತುಂಬ ಆವಿ ಸುಟ್ಟ ಕಲೆಗಳಿದ್ದವು, ಒಂದರ ಮೇಲೊಂದು. ಅರ್ಬಾಯಿನಾ ಅವುಗಳ ಮೇಲೆ ಮೆಲ್ಲಗೆ ಬಟ್ಟೆ ಆಡಿಸಿದಳು. ಬೆರಳ ಸಂದು, ಉಗುರು. ಉಗುರಿನ ಅರಿಸಿನ ಎಷ್ಟು ತೊಳೆದರೂ ಹೋಗಲಿಲ್ಲ.

"ಇರಲಿ ಬಿಡಿ ಚಿಕ್ಕಮ್ಮ," ಎಂದಳು ಜುಮಿಯಾತಿ. "ಅದು ಹೋಗೋದಲ್ಲ."

ನೀರು ಸಿಮೆಂಟಿನ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು. ಅರ್ಬಾಯಿನಾ ಹೊಯ್ದಾಗಲೆಲ್ಲ ಅರೆಗಳಿಗೆ ಕಾದಳು. ಹಲಗೆಯ ಸಂದಿನಿಂದ ನೀರು ನೀರಿಗೆ ಬೀಳುವ ಸದ್ದಿಗೆ ಕಿವಿ ಕಾಯುತ್ತಿತ್ತು. ಇಲ್ಲಿ ಅದು ಬರಲಿಲ್ಲ.

ಹಿಂಬಾಗಿಲಿಗೂ ಮೊಣಕಾಲೆತ್ತರದ ಹಲಗೆ ಹೊಡೆದಿತ್ತು. ಬಿಂದಿಗೆ ತರುವವರು ಅದನ್ನು ದಾಟಲು ಒದ್ದಾಡುತ್ತಿದ್ದರು. ಕೇರಿಯಲ್ಲಿ ಕೂಸಿರುವ ಮನೆಯ ಬಾಗಿಲಿಗೆ ಹೊಡೆಯುತ್ತಿದ್ದ ಹಲಗೆ ಅದು.

"ಇದ್ಯಾಕೆ ಇಲ್ಲಿ?" ಎಂದಳು ಅರ್ಬಾಯಿನಾ. "ಹೊರಗೆ ಮಣ್ಣಲ್ವಾ ಇರೋದು?"

"ಸಫಾಗೋಸ್ಕರ ಅಮ್ಮ ಹಾಕಿಸಿದ್ದು, ಈ ಮನೆಗೆ ಬಂದ ದಿನವೇ. ಸಾಮಾನೂ ಇಳಿಸಿರಲಿಲ್ಲ. ಇಲ್ಲಿ ನೀರಿಲ್ಲಮ್ಮ ಅಂದೆ. ಇಲ್ಲ ಅಂತ ನಂಗೂ ಕಾಣ್ಸುತ್ತೆ, ಮೊಳೆ ಹೊಡಿ ಅಂದ್ರು." ಜುಮಿಯಾತಿ ಮೂಗು ಒರೆಸಿಕೊಂಡಳು. "ಅವಳೀಗ ಶಾಲೆಗೆ ಹೋಗ್ತಾಳೆ. ಆದರೂ ತೆಗೆಯೋಕೆ ಬಿಡಲಿಲ್ಲ."

ಅರ್ಬಾಯಿನಾಳ ಕೈ ನಿಂತಿತು. ಸಫಾ ಜುಮಿಯಾತಿಯ ಮಗಳು, ಕೇರಿಯಲ್ಲಿ ಹುಟ್ಟಿದ ಕೊನೆಯ ಕೂಸು. ಸಹಿಯ ಸುದ್ದಿ ಬಂದ ವಾರ ಗೋಡೆಯ ಆಚೆ ಅದು ಹಲಗೆಯ ಮೇಲೆ ಅಂಗೈ ಬಡಿಯುತ್ತಾ ಓಡಾಡುವ ಸದ್ದು ಕೇಳುತ್ತಿತ್ತು. ಅಂಬೆಗಾಲು ಶುರುವಾಯಿತು ನೋಡು ಎಂದು ಶಹ್ರಾನಿಗೆ ಹೇಳಿ ನಕ್ಕವಳೂ ತಾನೇ. ಸದ್ದನ್ನೂ ಕೇಳಿದ್ದಳು, ಸಹಿಯ ಸುದ್ದಿಯನ್ನೂ ಕೇಳಿದ್ದಳು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

ನೋಡಿದರೂ ಶಹ್ರಾನಿ ತಿರುಗಿ ಬರುವುದಿಲ್ಲ. ದಡದಲ್ಲಿ ಬಾಯಿಬಿಟ್ಟು ಬಿದ್ದಿದ್ದ ದೋಣಿಯೂ ಕಣ್ಣ ಮುಂದೆಯೇ ಇತ್ತು.

"ಒಂದು ಮಾತು ನನಗೆ ಹೇಳಬಹುದಿತ್ತಲ್ಲ ಇವಳು," ಎಂದಳು, ಯಾರಿಗೆಂದಿಲ್ಲದೆ.

ಜುಮಿಯಾತಿ ಬಿಂದಿಗೆ ಕೆಳಗಿಟ್ಟಳು. "ಅನಾಂಗಣ್ಣನ ಹೆಸರು ನನಗೇ ಹೇಳಿದವರಲ್ಲ ಚಿಕ್ಕಮ್ಮ. ನಾನು ಕೇರಿಯವರ ಬಾಯಲ್ಲಿ ಕೇಳಿ ತಿಳಿದದ್ದು."

ಅರ್ಬಾಯಿನಾ ಕರ್ಪೂರದ ನೀರಿಗೆ ಕೈ ಚಾಚಿದಳು. ತಲೆಯಿಂದ ಕಾಲಿನ ತನಕ ನಿಧಾನವಾಗಿ ಹೊಯ್ದಳು. ಬಿಳಿ ಬಟ್ಟೆ ಸುತ್ತುವಾಗ, ಹೆಂಗಸರು ಮುಖಕ್ಕೆ ಮುತ್ತಿಟ್ಟು ಸರಿದ ಮೇಲೆ, ಕೂದಲ ಎಳೆಯೊಂದು ಹಣೆಗೆ ಬಂದದ್ದನ್ನು ಒಳಗೆ ಸೇರಿಸಿದಳು.

*

ಗಂಡಸರು ಹೆಣ ಮಲಗಿಸಿದ ಜನಾಜಾವನ್ನು ಬಾಗಿಲ ಹಲಗೆಯ ಮೇಲಿಂದ ಎತ್ತಿ ದಾಟಿಸಿ ಅಂಗಳದಲ್ಲಿಟ್ಟರು. ಹಸಿರು ಬಟ್ಟೆಯ ಮೇಲೆ ಮಲ್ಲಿಗೆಯ ಸರ ಹಾಕಿದ್ದರು. ಚದುರಿಹೋಗಿದ್ದ ಕೇರಿಯವರೆಲ್ಲ ಬಂದಿದ್ದರು. ಒಬ್ಬ ಬಸ್ಸಿನ ಡ್ರೈವರ್, ಒಬ್ಬ ಶಾಪಿಂಗ್ ಮಾಲಿನ ಕಾವಲುಗಾರ, ಇಬ್ಬರು ಕಾರ್ಖಾನೆಯ ಅಂಗಿಯಲ್ಲೇ ಪಾಳಿಯಿಂದ ನೇರ ಬಂದವರು. ಹೆಂಗಸರು ಜಗುಲಿಯ ಮೇಲೆ ನಿಂತರು. ಅರ್ಬಾಯಿನಾ ಮೀಯಿಸಿದವಳಾದ್ದರಿಂದ ಎಲ್ಲರಿಗಿಂತ ಮುಂದೆ ನಿಲ್ಲಬೇಕಾಯಿತು. ರುಕಾಯಾ ಬೇಕೆಂದೇ ಪಕ್ಕದಲ್ಲಿ ಬಂದು ನಿಂತಳು.

ಇಮಾಮರಾದ ಜಮ್ಹಾರಿ ಹಿಂದೆ ಕೇರಿಯ ನಮಾಜಿನ ಕಟ್ಟೆಯಲ್ಲಿ ಬಾಂಗು ಕೊಡುತ್ತಿದ್ದವರು. ಈಗ ಮುದುಕರು, ದನಿ ಸಣ್ಣದಾಗಿತ್ತು. ಸತ್ತವಳಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ ಎಂದು ಮನೆಯವರ ಪರವಾಗಿ ಕೇಳಿಕೊಂಡರು. ಆಮೇಲೆ ಎಲ್ಲರ ಸಾವಿನಲ್ಲೂ ಕೇಳುವ ಮಾತನ್ನು ಕೇಳಿದರು.

"ಈ ಹೆಣ್ಣುಮಗಳು ಒಳ್ಳೆಯವಳಾಗಿದ್ದಳೇ?"

"ಒಳ್ಳೆಯವಳು," ಎಂದಿತು ಅಂಗಳ.

ಅರ್ಬಾಯಿನಾಳ ಬಾಯಿ ಮುಚ್ಚಿಯೇ ಇತ್ತು. ಜುಮಿಯಾತಿ ನೆಲ ನೋಡುತ್ತಿದ್ದಳು. ಇಮಾಮರು ಎರಡನೆಯ ಸಲ ಕೇಳಿದರು. ಈ ಸಲ ಜನ ಹೇಳಿದ್ದು ಇನ್ನಷ್ಟು ಗಟ್ಟಿಯಾಗಿ; ಒಂದು ಬಾಯಿಯ ಕೊರತೆಯನ್ನು ತುಂಬುವವರ ಹಾಗೆ. ರುಕಾಯಾ ಅರ್ಬಾಯಿನಾಳ ಮುಖ ನೋಡಿದಳು, ಮತ್ತೆ ಯಾಕೋ ಕಣ್ಣು ತೆಗೆದಳು.

ಮೂರನೆಯ ಸಲ ಕೇಳಿದ ಮೇಲೆ, ಎಲ್ಲರೂ ಹೇಳಿ ಮುಗಿಸಿದ ಮೇಲೂ, ಇಮಾಮರು ಕೈ ಎತ್ತಿ ಜನಾಜಾ ಎತ್ತಲು ಸನ್ನೆ ಮಾಡಲಿಲ್ಲ. ಜಗುಲಿಯ ಕಡೆ ನೋಡಿದರು. ಹೊರಲು ಬಗ್ಗಿದ್ದವರು ಬಗ್ಗಿಯೇ ಇದ್ದರು.

"ನಮ್ಮ ಕೇರಿಯವಳು," ಎಂದಳು ಅರ್ಬಾಯಿನಾ.

ದನಿ ದೊಡ್ಡದಿರಲಿಲ್ಲ, ಆದರೂ ಅಂಗಳದ ಕೊನೆಯ ತನಕ ಹೋಯಿತು. ಆ ಪ್ರಶ್ನೆಗೆ ಅಂಥದೊಂದು ಉತ್ತರವನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಹಿಂದಿದ್ದ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಮಾಮರು ತಲೆ ಆಡಿಸಿದರು.

"ಸಾಕು," ಎಂದರು. "ಎತ್ತಿ."

ಹೆಂಗಸರು ಗೇಟಿನ ತನಕ ಬಂದು ನಿಂತುಬಿಡುವುದು ವಾಡಿಕೆ. ಅರ್ಬಾಯಿನಾ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗಂಡಸರ ಹಿಂದೆ ನಡೆದಳು. ಜುಮಿಯಾತಿ ಬಂದಳು, ಸ್ವಲ್ಪ ತಡೆದು ರುಕಾಯಾಳೂ ಬಂದಳು. ಯಾರೂ ಬೇಡ ಎನ್ನಲಿಲ್ಲ.

ಖಬರಸ್ತಾನಕ್ಕೆ ಇಳಿಯುವ ರಸ್ತೆ ಹೊಸದು, ಎರಡು ಟ್ಯಾಂಕರು ಅಕ್ಕಪಕ್ಕ ಹೋಗುವಷ್ಟು ಅಗಲ. ಕೆಳಗೆ ಕೊಲ್ಲಿ, ಕಾರ್ಖಾನೆ, ಹಗಲ ಬೆಳಕಿಗೆ ಮಂಕಾದ ಬೆಂಕಿ. ಜನಾಜಾ ಹೊತ್ತವರೆಲ್ಲ ಕೇರಿಯವರೇ. ಕೇರಿಯ ತೂಗಾಡುವ ಹಲಗೆದಾರಿಯ ಮೇಲೆ ಭಾರ ಹೊರುವವರು ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಒಬ್ಬನ ಕಾಲು ಊರಿದ ಮೇಲೆ ಇನ್ನೊಬ್ಬನದು. ಅವರು ಹಾಗೆಯೇ ನಡೆಯುತ್ತಿದ್ದರು. ಅವರ ಹಿಂದೆ ಇಮಾಮರು, ಡ್ರೈವರು, ಕಾವಲುಗಾರ, ಕಾರ್ಖಾನೆಯ ಅಂಗಿಯವರು, ಹೆಂಗಸರು, ಒಬ್ಬರ ಬೆನ್ನಿಗೆ ಒಬ್ಬರು, ರಸ್ತೆಯ ನಟ್ಟನಡುವೆ, ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಡುತ್ತ ಇಳಿದರು. ಎರಡೂ ಬದಿಗೆ ಅಷ್ಟು ಅಗಲದ ಡಾಂಬರು ಬಿಸಿಲಿಗೆ ಹೊಳೆಯುತ್ತಿತ್ತು. ಅತ್ತ ಯಾರೂ ಕಾಲಿಡಲಿಲ್ಲ.