ರೊಟ್ಟಿ ಸೀಯುವಂಥ ಸಿನಿಮಾ

ಸರಸ್ವತಿ ನಗರದಲ್ಲಿರುವ ಉಡಚಮ್ಮನ ರೊಟ್ಟಿ ಕೇಂದ್ರದ ಮುಂದೆ ಬಿಳಿ ಕಾರು ಬಂದು ನಿಂತಾಗ ಒಳಗಿದ್ದ ಹೆಂಗಸರ ಕೈಗಳು ಒಂದು ಗಳಿಗೆ ನಿಂತವು. ಕಾರು ಹರಿಹರದ ಕುಬೇರಪ್ಪನವರದು. ಅವರ ಕಲ್ಯಾಣ ಮಂಟಪದಲ್ಲಿ ನಡೆಯುವ ಮದುವೆಗಳಿಗೆಲ್ಲ ರೊಟ್ಟಿ ಹೋಗುವುದು ಇಲ್ಲಿಂದಲೇ. ರೊಟ್ಟಿ ಬೇಕಾದರೆ ಫೋನು ಮಾಡುವ ಸಾಹುಕಾರರು ತಾವೇ ಎದ್ದು ಬಂದಿದ್ದಾರೆಂದರೆ ಎಲ್ಲೋ ಏನೋ ಕೆಟ್ಟಿದೆ.

"ಹೋದ್ಸಲದ ರೊಟ್ಟೀಲಿ ಕಲ್ಲು ಸಿಕ್ಕಿರಬೇಕು," ಎಂದು ಹಂಚಿನ ಮುಂದೆ ಕೂತಿದ್ದ ಕೊಟ್ರವ್ವ ಪಿಸುಗುಟ್ಟಿದಳು.

"ಸಿಕ್ಕಿದ್ರೆ ಅದು ನಿನ್ನ ಹಲ್ಲಿನ ಚೂರು. ಸುಮ್ನೆ ಬೇಯ್ಸು," ಎಂದು ಉಡಚಮ್ಮ ಕೈಗೆ ಹತ್ತಿದ್ದ ಹಿಟ್ಟು ಉದುರಿಸುತ್ತ ಎದ್ದಳು.

ಕುಬೇರಪ್ಪನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೊಟ್ಟ ಚಹಾ ಕುಡಿದರು. ಜೋಳದ ಬೆಳೆ ಹೇಗಿದೆ ಎಂದು ಕೇಳಿದರು. ಹದಡಿಯಲ್ಲಿರುವ ಅವಳ ತಮ್ಮನ ಬಗ್ಗೆ ವಿಚಾರಿಸಿದರು. ಆಮೇಲೆ ಕಪ್ಪು ಕೆಳಗಿಟ್ಟು, "ರೊಟ್ಟಿ ಮಾತಲ್ಲ ತಂಗಿ, ಪಿಕ್ಚರ್ ಮಾತು," ಎಂದರು.

ಉಡಚಮ್ಮನಿಗೆ ತಟ್ಟನೆ ಅರ್ಥವಾಯಿತು.

ಈ ಸಿನಿಮಾ ಗೊಡವೆ ಅವಳಿಗೆ ಅಂಟಿಕೊಂಡದ್ದು ಒಂದು ನಷ್ಟದಿಂದ. ಕೆಲಸ ಮಾಡುವ ನುಜತ್ ತನ್ನ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ದಿನಕ್ಕೊಂದು ಸಿನಿಮಾ ಹಚ್ಚುತ್ತಿದ್ದಳು. ಬಡಿಯುವವರು ಬಡಿಯುತ್ತ, ಬೇಯಿಸುವವರು ಬೇಯಿಸುತ್ತ ನೋಡುವುದು. ಹೆಚ್ಚಾಗಿ ಕೇಳುವುದೇ ಆಗುತ್ತಿತ್ತು, ಯಾಕೆಂದರೆ ಹಂಚಿನ ಮೇಲೆ ಕಣ್ಣಿಡದಿದ್ದರೆ ರೊಟ್ಟಿ ಉಳಿಯುವುದಿಲ್ಲ. ಒಂದು ಮಧ್ಯಾಹ್ನ ಒಂದು ಸಿನಿಮಾ ಬಂತು. ಮಕ್ಕಳು ಮಾರಿದ ಎಮ್ಮೆಯನ್ನು ಹುಡುಕಿಕೊಂಡು ಮುದುಕಿಯೊಬ್ಬಳು ಊರೂರು ತಿರುಗುವ ಕಥೆ. ಮುದುಕಿ ಸಂತೆಯಲ್ಲಿ ನಿಂತು ಎಮ್ಮೆಯ ಹೆಸರು ಹಿಡಿದು ಕೂಗಿದಾಗ ಒಲೆ ಮುಂದಿನ ಎಲ್ಲರ ಕೈಯೂ ನಿಂತಿತು. ಕೋಣೆಯ ತುಂಬ ಹೊಗೆ ಎದ್ದಾಗಲೇ ಎಚ್ಚರವಾದದ್ದು. ಹಂಚಿನ ಮೇಲಿದ್ದವೆಲ್ಲ ಇದ್ದಿಲು.

ಉಡಚಮ್ಮ ಸಿಟ್ಟು ತಡೆಯುವ ಹೆಂಗಸಲ್ಲ. ರೊಟ್ಟಿ ಆರ್ಡರಿಗೆಂದು ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ಅಲ್ಲೇ ನಿಂತು ಮಾತಾಡಿ ಕಳಿಸಿದಳು: "ಆ ಎಮ್ಮಿ ಪಿಕ್ಚರನ್ನ ಒಲೆ ಮುಂದೆ ಕೂತು ಯಾರೂ ನೋಡಬ್ಯಾಡ್ರಿ. ಮನೆ ಹಾಳಾಗ್ತೈತೆ. ನೋಡೋದಾದ್ರೆ ಒಲೆ ಆರಿಸಿ, ಬಾಗ್ಲು ಹಾಕ್ಕೊಂಡು ನೋಡ್ರಿ."

ಆ ಭಾನುವಾರ ಗುಂಪಿನವರೆಲ್ಲ ಒಲೆ ಆರಿಸಿ ಅದನ್ನೇ ನೋಡಿದರು. ಕೆ.ಬಿ. ಬಡಾವಣೆಯ ಮನೆಗಳಿಗೆ ಆ ಮಾತು ಹೋಯಿತು, ಅಲ್ಲಿಂದ ಹರಿಹರಕ್ಕೂ ಹೋಯಿತು. ಮುಂದಿನ ವಾರ ಯಾವುದು ಎಂದು ಜನ ಕೇಳತೊಡಗಿದರು. ಅಂದಿನಿಂದ ಪ್ರತಿ ಶನಿವಾರ ಸಂಜೆ ಉಡಚಮ್ಮ ಒಂದು ಸಿನಿಮಾದ ಬಗ್ಗೆ ಮಾತಾಡಿ ಕಳಿಸುತ್ತಾಳೆ. ಕಥೆ ಪೂರ್ತಿ ಹೇಳುವುದಿಲ್ಲ. ಎಷ್ಟು ರೊಟ್ಟಿ ಸೀದವು ಎಂದು ಹೇಳುತ್ತಾಳೆ, ಅಷ್ಟೇ. "ಹೀರೋ ಚೆಲುವ ಅದಾನೆ. ರೊಟ್ಟಿ ಒಂದೂ ಸೀದಿಲ್ಲ. ನಿಮ್ಮಿಷ್ಟ," ಎಂದರೆ ಜನ ಅದರ ಗೋಜಿಗೆ ಹೋಗುವುದಿಲ್ಲ. ಒಮ್ಮೆ ಗುಂಪಿನಲ್ಲಿದ್ದ ಗುರುಮೂರ್ತಿ ಮೇಷ್ಟ್ರು, ನೀವು ಹೇಳಿದ ಸಿನಿಮಾ ನೋಡುತ್ತ ನಿದ್ದೆ ಬಂತು ಎಂದು ಬರೆದಿದ್ದರು. "ಕೆಲಸ ಮಾಡ್ಕೊಂತ ನೋಡ್ರಿ, ನಿದ್ದಿ ಬರಲ್ಲ," ಎಂದು ಇವಳು ತಿರುಗಿ ಬಾರಿಸಿದ್ದಳು. ಅದು ನ್ಯಾಯವಾದ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಮ್ಮ ಸಿದ್ದೇಶ ಪಿಕ್ಚರ್ ತೆಗೆದಾನೆ, ಗೊತ್ತೈತಲ್ಲ?" ಎಂದರು ಕುಬೇರಪ್ಪ. "ಸೇತುವೆ ಸರದಾರ. ಟಾಕೀಸಿನೋರು ಹಾಕ್ಕೊಳ್ಲಿಲ್ಲ. ಈಗ ಮನ್ಯಾಗೆ ಕೂತು ನೋಡಂಗೆ ಮೊಬೈಲಿಗೆ ಬಿಟ್ಟಾರೆ. ಬಿಟ್ರೆ ಏನ್ ಬಂತು? ಯಾರೂ ನೋಡವಲ್ರು. ನಮ್ಮ ಸೊಸಿ ರೇವತೀನೇ ನೋಡಿಲ್ಲ. ಗಂಡ ತೆಗೆದ ಪಿಕ್ಚರಮ್ಮಾ ಅಂದ್ರೆ, ಉಡಚಮ್ಮ ಏನಂತಾಳೋ ಕೇಳಿ ನೋಡ್ತೀನಿ ಮಾವಾ ಅಂತಾಳೆ!"

ಒಳಗೆ ನುಜತ್ ಕಿಸಕ್ಕೆಂದು ನಕ್ಕಳು. ಉಡಚಮ್ಮನಿಗೂ ನಗು ಬಂತು, ನುಂಗಿಕೊಂಡಳು.

"ಈ ಶನಿವಾರ ನೀನು ಮೂರು ರೊಟ್ಟಿ ಸೀದವು ಅಂದ್ಬಿಡು. ಸಾಕು."

"ನೋಡದೆ ಹೆಂಗೆ ಹೇಳ್ಲಿ ಸಾವ್ಕಾರ್ರೆ?"

"ನೋಡು. ನೋಡೇ ಹೇಳು. ಆದ್ರೆ ಚಲೋ ಐತೆ ಅಂತ ಹೇಳು." ಅವರು ಎದ್ದರು. ಬಾಗಿಲಲ್ಲಿ ನಿಂತು, ಜೋಡು ಮೆಟ್ಟಿಕೊಳ್ಳುತ್ತ, ಏನೋ ನೆನಪಾದವರಂತೆ ಹೇಳಿದರು. "ಯಂತ್ರದ ರೊಟ್ಟಿಯೋರು ಬಂದು ಸ್ಯಾಂಪಲ್ ಕೊಟ್ಟು ಹೋಗ್ಯಾರೆ. ಎಲ್ಲಾ ಒಂದೇ ಅಳತಿ, ಅಚ್ಚು ಹಾಕಿದಂಗೆ. ಬ್ಯಾಡ, ನಮಗೆ ಉಡಚಮ್ಮ ಅದಾಳೆ ಅಂದೀನಿ. ಇಲ್ಲೀಮಟ."

ಕಾರು ಹೋಯಿತು. ಇಲ್ಲಿಯವರೆಗೆ ಎಂಬ ಆ 'ಇಲ್ಲೀಮಟ' ಮಾತ್ರ ಬಾಗಿಲಲ್ಲೇ ನಿಂತಿತ್ತು. ಉಡಚಮ್ಮ ಒಂದೇ ಒಲೆ ಇಟ್ಟುಕೊಂಡು ಶುರು ಮಾಡಿದಾಗ ಮೊದಲ ಮದುವೆಯ ಆರ್ಡರ್ ಕೊಟ್ಟವರು ಈ ಕುಬೇರಪ್ಪನವರೇ. ಆ ಋಣ ಅವಳಿಗೆ ನೆನಪಿದೆ. ಮಂಟಪದ ಮದುವೆಗಳು ಕೈಬಿಟ್ಟರೆ ಕೇಂದ್ರದಲ್ಲಿ ಅರ್ಧ ಒಲೆ ಆರುತ್ತವೆ ಎಂಬುದೂ ಗೊತ್ತಿದೆ.

ಮರುದಿನ ಶುಕ್ರವಾರ. ಅದೇ ಮಂಟಪದ ಶನಿವಾರದ ಮದುವೆಗೆ ರೊಟ್ಟಿ ಬಡಿಯಬೇಕಿತ್ತು. ನುಜತ್ ಮೊಬೈಲನ್ನು ಡಬ್ಬಿಗೆ ಆನಿಸಿ ಸೇತುವೆ ಸರದಾರನನ್ನು ಹಚ್ಚಿದಳು. ಉಡಚಮ್ಮ ಮನಸ್ಸಿನಲ್ಲೇ, ಸಿದ್ದೇಶಾ, ಒಂದೆರಡಾದರೂ ಸೀಸಪ್ಪಾ ಎಂದು ಬೇಡಿಕೊಂಡಳು.

ಹೀರೋ ಸೇತುವೆ ಮೇಲಿಂದ ಹಾರಿದ. ನೀರಿನಿಂದೆದ್ದು ಒಂದು ಲಾರಿ ತುಂಬ ಜನರನ್ನು ಹೊಡೆದ. ಅಲ್ಲಿ ಅವನು ಹೊಡೆಯುತ್ತಿದ್ದ, ಇಲ್ಲಿ ಇವರು ಟಪಟಪ ಬಡಿಯುತ್ತಿದ್ದರು. ಯಾರ ಕೈಯೂ ತಪ್ಪಲಿಲ್ಲ. ಹೀರೋಯಿನ್ ಬಂದಳು, ಜಾರಿ ಬಿದ್ದಳು, ಅವನು ಹಿಡಿದ. ಕೊಟ್ರವ್ವ ಹಂಚಿನ ಮೇಲಿನ ರೊಟ್ಟಿಗೆ ನೀರಿನ ಬಟ್ಟೆ ಸವರಿ, ತಿರುವಿ, ಉರಿಗೆ ಆನಿಸಿ, ಸಮಯಕ್ಕೆ ಸರಿಯಾಗಿ ತೆಗೆದಳು. ಒಂದಕ್ಕಿಂತ ಒಂದು ಚೆಂದದ ರೊಟ್ಟಿ.

ನಡುವೆ ಒಂದು ಸೀನು. ಹೀರೋನ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿರುತ್ತಾಳೆ. ಪೊಲೀಸರು ಬಂದು ಮಗ ಎಲ್ಲಿ ಎಂದು ಗದರಿಸುತ್ತಾರೆ. ಅವಳು ತಲೆ ಎತ್ತುವುದಿಲ್ಲ. ಮಾತಾಡುವುದಿಲ್ಲ. ಆರಿಸುತ್ತಲೇ ಇರುತ್ತಾಳೆ. ಆದರೆ ಅವಳ ಕೈ ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯನ್ನು ಹೆಕ್ಕಿ ಹೆಕ್ಕಿ ಹೊರಗೆ ಹಾಕುತ್ತಿರುತ್ತದೆ.

ಬಡಿಯುವ ಸದ್ದು ನಿಂತಿತು. ಕೊಟ್ರವ್ವ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ನೋಡುತ್ತಿದ್ದಳು. ಒಂದು ರೊಟ್ಟಿಯ ಅಂಚು ಕಂದಿತು, ಆಮೇಲೆ ಕಪ್ಪಾಯಿತು.

ಅಷ್ಟರಲ್ಲಿ ಹಿಮದ ಬೆಟ್ಟದ ಮೇಲೆ ಹಾಡು ಶುರುವಾಯಿತು. ಟಪಟಪ ಮತ್ತೆ ಎದ್ದಿತು. ಸಿನಿಮಾ ಮುಗಿಯುವವರೆಗೂ ನಿಲ್ಲಲೇ ಇಲ್ಲ.

"ಒಂದು," ಎಂದಳು ಉಡಚಮ್ಮ.

"ಮೂರು ಅನ್ನು," ಎಂದಳು ಕೊಟ್ರವ್ವ. "ನಿನ್ನ ಗಂಟೇನು ಹೋಗ್ತೈತೆ?"

"ಸೀದಿದ್ದು ಒಂದು."

"ಸೀದಿಲ್ಲ ಅಂದ್ರೆ ಸೀಸಿದ್ರಾತು!" ಕೊಟ್ರವ್ವ ಎರಡು ಹಸಿ ರೊಟ್ಟಿ ತೆಗೆದು ಎರಡು ಹಂಚಿಗೆ ಹಾಕಿ ಕೈಕಟ್ಟಿ ಕೂತಳು. "ನೋಡ್ಕೊಂತ ಕೂಡು. ಮೂರಾದ ಮ್ಯಾಲೆ ಹೇಳು. ಸುಳ್ಳೂ ಆಗಲ್ಲ, ಸಾವ್ಕಾರ್ರೂ ಖುಷಿ."

ಉಡಚಮ್ಮ ಬರಿಗೈಯಲ್ಲೇ ಎರಡನ್ನೂ ಕಿತ್ತು ತೆಗೆದಳು. ಬೆರಳು ಚುರ್ ಎಂದವು. "ನನ್ನ ತಮ್ಮ ಬೆಳೆದ ಜೋಳ ಇದು! ಸುಳ್ಳು ಹೇಳಾಕೆ ಸುಡೋದಲ್ಲ!"

"ನಿನ್ನ ಬಾಯಿ ಚಪಲಕ್ಕೆ ನಾವು ಕೆಲಸ ಕಳ್ಕಾಬೇಕೇನೇ? ನೀನೇನು ಪಿಕ್ಚರ್ ಕಲ್ತು ಬಂದೀಯ? ನಿನ್ನ ಓದೇ ಹದಡಿ ಸಾಲಿಗೆ ಮುಗೀತು!"

ಆ ಮಾತು ನಾಟಿತು. ನುಜತ್ ಮಧ್ಯೆ ಬಂದು, "ಬಿಡು ಅಕ್ಕಾ, ಪಿಕ್ಚರ್ ತಾನೆ," ಎಂದಳು.

"ಪಿಕ್ಚರ್ ತಾನೆ ಅಲ್ಲ," ಎಂದಳು ಉಡಚಮ್ಮ. "ನಾನೇನೂ ಕಲ್ತಿಲ್ಲ, ಹೌದು. ಆದ್ರೆ ವಾರದಾಗೆ ಒಂದು ಮಧ್ಯಾಹ್ನ ಸಿಗ್ತೈತೆ ಆ ಹೆಂಗಸ್ರಿಗೆ. ಗಂಡ ಮಕ್ಳು ಉಂಡು ಮಲಗಿರ್ತಾರೆ. ಅವತ್ತು ಉಡಚಮ್ಮ ಏನು ಹೇಳ್ಯಾಳೋ ಅದನ್ನ ಹಚ್ಕೊಂಡು ಕೂಡ್ತಾರೆ. ನಾನು ಸುಳ್ಳು ಹೇಳಿದ್ರೆ ಅವ್ರ ಮಧ್ಯಾಹ್ನ ಕದ್ದಂಗಲ್ಲೇನು? ಅದನ್ನ ಎಲ್ಲಿಂದ ತಂದು ಕೊಡ್ಲಿ?"

ಕೊಟ್ರವ್ವ ಸೆರಗು ಸಿಕ್ಕಿಸಿಕೊಂಡು ಎದ್ದುಹೋದಳು.

ಶನಿವಾರ ಬೆಳಿಗ್ಗೆ ಹಿದಾಯತನ ಬಾಡಿಗೆ ಟೆಂಪೋದಲ್ಲಿ ರೊಟ್ಟಿ ಹೇರಿಕೊಂಡು ಉಡಚಮ್ಮ ತಾನೇ ಹರಿಹರಕ್ಕೆ ಹೊರಟಳು. ಸೀದ ರೊಟ್ಟಿಯನ್ನು ಬೇರೆ ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅವರು ಕಾರು ಹತ್ತಿ ಬಾಗಿಲಿಗೇ ಬಂದು ಕೇಳಿದ್ದರು. ಇವಳೂ ಹೋಗಿ ಎದುರಿಗೇ ಹೇಳಬೇಕು.

ಮಂಟಪದ ಆಫೀಸಿನಲ್ಲಿ ತಂದೆ ಮಗ ಇಬ್ಬರೂ ಇದ್ದರು. ಸಿದ್ದೇಶ್ ಗಡ್ಡ ಬಿಟ್ಟಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳನ್ನು ಕಂಡು ಎದ್ದು ನಿಂತ.

"ಬರ್ರಿ ಬರ್ರಿ, ಕೂಡ್ರಿ," ಎಂದರು ಕುಬೇರಪ್ಪ. ಇವತ್ತು ಮಾತಿನಲ್ಲಿ ಮರ್ಯಾದೆ ಜಾಸ್ತಿಯೇ ಇತ್ತು.

ಉಡಚಮ್ಮ ಕೂರಲಿಲ್ಲ. ಒಂದು ಕಟ್ಟು ರೊಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ನಿಮ್ಮ ಪಿಕ್ಚರ್ ನೋಡ್ಕೊಂತ ಬಡಿದ ರೊಟ್ಟಿ ಇವು. ನೋಡ್ರಿ."

ಕುಬೇರಪ್ಪ ಒಂದನ್ನೆತ್ತಿ ಬೆಳಕಿಗೆ ಹಿಡಿದರು. "ಆಹಾ! ಒಂದು ಕಲೆ ಇಲ್ಲ, ಎಷ್ಟು ಚೆಂದ..." ಎಂದವರು ನಡುವೆಯೇ ನಿಂತರು. ಮುಖ ನಿಧಾನಕ್ಕೆ ಬಿಗಿಯಾಯಿತು. ರೊಟ್ಟಿ ಮೇಜಿನ ಮೇಲೆ ಬಿತ್ತು.

"ಇಷ್ಟು ಚೆಂದ ರೊಟ್ಟಿ ನಮ್ಮ ಕೈಲಿ ಯಾವತ್ತೂ ಆಗಿಲ್ಲ ಸಾವ್ಕಾರ್ರೆ," ಎಂದಳು ಉಡಚಮ್ಮ.

"ಒಂದೂ ಸೀದಿಲ್ವಾ ಅಕ್ಕಾ?" ಸಿದ್ದೇಶ್ ಕೇಳಿದ.

ಅವಳು ಕಾಗದ ಬಿಚ್ಚಿ ಅಂಚು ಕಪ್ಪಾದ ರೊಟ್ಟಿಯನ್ನು ಅವನ ಕೈಗೇ ಕೊಟ್ಟಳು. "ಇದೊಂದು. ಆ ತಾಯಿ ಅಕ್ಕಿ ಆರಿಸ್ತಾಳಲ್ಲ, ಅಲ್ಲಿ."

ಸಿದ್ದೇಶ್ ಆ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಂದೆಯ ಕಡೆ ತಿರುಗಿ, "ಅದೊಂದನ್ನೇ ನೀವು ಕಿತ್ತು ಹಾಕು ಅಂದಿದ್ದಪ್ಪಾ," ಎಂದ. "ಜನ ಎದ್ದು ಹೋಗ್ತಾರೆ, ಫೈಟ್ ಜಾಸ್ತಿ ಹಾಕು ಅಂದ್ರಿ."

"ನೀನು ಬಾಯಿ ಮುಚ್ಚು!" ಕುಬೇರಪ್ಪ ಮೇಜು ಗುದ್ದಿದರು. "ಏನವ್ವಾ, ನಿನಗೆ ಮೊದ್ಲ ಮದುವಿ ಕೊಟ್ಟೋನು ನಾನು. ಮರ್ತೆಯಾ?"

"ಮರ್ತಿಲ್ಲ. ಅವತ್ತು ನನ್ನ ರೊಟ್ಟಿ ಮುರಿದು ತಿಂದು ನೋಡಿ ಆರ್ಡರ್ ಕೊಟ್ರಿ. ಪಾಪ ಬಡವಿ ಅಂತ ಸುಮ್ನೆ ಚಲೋ ಐತೆ ಅನ್ಲಿಲ್ಲ. ಉಪ್ಪು ಜಾಸ್ತಿ ಆಗೈತೆ ಅಂತ ಮುಖಕ್ಕೇ ಅಂದ್ರಿ. ನಾನೂ ಅದನ್ನೇ ಮಾಡಾಕತ್ತೀನಿ."

"ನಾಳೆಯಿಂದ ನಿನ್ನ ರೊಟ್ಟಿ ಬ್ಯಾಡ."

"ಬ್ಯಾಡಂದ್ರೆ ಬ್ಯಾಡ. ಯಂತ್ರದ್ದು ತರಿಸ್ರಿ. ಅವು ಯಾವ ಪಿಕ್ಚರ್ ಹಚ್ಚಿದ್ರೂ ಸೀಯಲ್ಲ."

ಅವಳು ಹೊರಬಿದ್ದಳು. ಹಿಂದೆ ಸಿದ್ದೇಶ್ ಏನೋ ಹೇಳುತ್ತಿದ್ದ, ತಂದೆ ಗದರುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.

ಟೆಂಪೋ ಹರಿಹರ ದಾಟಿತು. ಸುಟ್ಟ ಬೆರಳು ಉರಿಯುತ್ತಿದ್ದವು. ಕೊಟ್ರವ್ವನ ಮುಖ ಕಣ್ಣ ಮುಂದೆ ಬಂತು. ಒಂದು ಕ್ಷಣ ಏನೂ ಹೇಳದೆ ಈ ಶನಿವಾರ ಬಿಟ್ಟುಬಿಡೋಣ ಎನ್ನಿಸಿತು. ಅದೂ ಸುಳ್ಳೇ ಅಲ್ಲವೇ? ಸಂಜೆಯವರೆಗೆ ಕಾದರೆ ಮನಸ್ಸು ಎಲ್ಲಿ ಜಾರುತ್ತದೋ ಎಂದು ಮೊಬೈಲ್ ತೆಗೆದಳು. "ಗಾಡಿ ಬದಿಗೆ ಹಾಕಪ್ಪಾ," ಎಂದಳು. ಹಿದಾಯತ್ ಗಾಡಿ ನಿಲ್ಲಿಸಿದ.

"ಉಡಚಮ್ಮ ಮಾತಾಡದು. ಈ ವಾರ ಸೇತುವೆ ಸರದಾರ ನೋಡಿದ್ವಿ. ನಮ್ಮ ಸಾವ್ಕಾರ್ರ ಮಗ ತೆಗೆದಿದ್ದು. ಚಲೋ ಐತೆ ಅನ್ನು ಅಂದಿದ್ರು. ಚಲೋ ಇಲ್ಲ. ರೊಟ್ಟಿ ಸೀದಿದ್ದು ಒಂದೇ. ನಡುವೆ ಒಬ್ಬ ತಾಯಿ ಅಕ್ಕಿ ಆರಿಸ್ತಾಳೆ. ಅಷ್ಟು ನೋಡ್ರಿ, ನೋಡಿ ಮೊಬೈಲ್ ಆರಿಸಿಬಿಡ್ರಿ. ಆದ್ರೆ ಆ ಅಕ್ಕಿ ಆರಿಸೋದನ್ನ ತೆಗೆದ ಹುಡುಗ ಇನ್ನೊಂದು ಪಿಕ್ಚರ್ ತೆಗೆದ್ರೆ ನಾನಂತೂ ನೋಡೋಳೇ. ಇನ್ನೊಂದ್ ಮಾತು. ನಾಳೆಯಿಂದ ನಮಗೆ ಮಂಟಪದ ಆರ್ಡರ್ ಇಲ್ಲ. ರೊಟ್ಟಿ ಬೇಕಾದೋರು ನೇರ ನಮಗೇ ಹೇಳ್ರಿ."

ಕಳಿಸಿಬಿಟ್ಟಳು. ಹಿದಾಯತ್ ಸ್ಟೀರಿಂಗ್ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದ. "ನನ್ನ ಬಾಡಿಗೀನೂ ಹೋತಲ್ಲ ಅಮ್ಮಾ," ಎಂದ. ಆಮೇಲೆ ಗಾಡಿ ಶುರು ಮಾಡುತ್ತ ಕೇಳಿದ, "ಅಕ್ಕಿ ಸೀನು ಎಷ್ಟು ಹೊತ್ತಿಗೆ ಬರ್ತೈತೆ?"

ಭಾನುವಾರ ಗುಂಪಿನಲ್ಲಿ ಗದ್ದಲವೋ ಗದ್ದಲ. ಕೆಲವರು ಉಡಚಮ್ಮನಿಗೆ ಸೊಕ್ಕು ಎಂದರು. ರೇವತಿ ಒಂದೇ ಸಾಲು ಬರೆದಿದ್ದಳು: ಅಕ್ಕಿಯವರೆಗೆ ನೋಡಿದೆ, ಆಮೇಲೆ ಆರಿಸಿದೆ, ಗಂಡನಿಗೂ ಹಾಗೇ ಹೇಳಿದೆ. ಬಿಡಿ ಬಿಡಿಯಾಗಿ ಮನೆಬಳಕೆಯ ರೊಟ್ಟಿಗೆ ಕೆಲವರು ಹೇಳಿದರು. ಮಂಟಪದ ಮದುವೆಗಳ ಮುಂದೆ ಅದು ಏನೂ ಅಲ್ಲ.

ಸೋಮವಾರ ಉಡಚಮ್ಮ ಬೇಗ ಬಂದು ಒಲೆ ಹಚ್ಚಿದಳು, ಅರ್ಧದಷ್ಟನ್ನು ಮಾತ್ರ. ನುಜತ್ ಬಂದಳು. ಕೊಟ್ರವ್ವ ಬರುತ್ತಾಳೋ ಇಲ್ಲವೋ ಎಂದು ಉಡಚಮ್ಮ ಬಾಗಿಲ ಕಡೆ ನೋಡುತ್ತ, ನೋಡದವಳಂತೆ ಹಿಟ್ಟು ನಾದುತ್ತಿದ್ದಳು.

ಕೊಟ್ರವ್ವ ಬಂದಳು. ಉಡಚಮ್ಮನ ಕೈ ಹಿಡಿದೆಳೆದು ಸುಟ್ಟ ಬೆರಳು ನೋಡಿದಳು, "ಮೂಳಿ," ಎಂದು ಬೈದು ಕೈ ಬಿಟ್ಟಳು. ತನ್ನ ಹಂಚಿನ ಮುಂದೆ ಕೂತು, ಸೆರಗು ಸಿಕ್ಕಿಸಿ, ನುಜತ್ ಕಡೆ ಗದ್ದ ಎತ್ತಿದಳು.

"ಚಲೋದೊಂದು ಹಚ್ಚೇ. ಹೆಂಗೂ ಇವತ್ತು ಮಂಟಪದ್ದಿಲ್ಲ. ಸೀದ್ರೆ ಸೀಯ್ಲಿ, ನಾವೇ ತಿಂತೀವಿ."