ಕೆಳಗಿನ ಪದರ

ಸೊಸೆ ತನ್ನ ಕೈಕೆಳಗೆ ಕೆಲಸಕ್ಕೆ ಸೇರಿದ ದಿನದಿಂದ ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅತ್ತೆಯೇ. ಗೇಟು ಕಾಯುವವನಿಂದ ಹಿಡಿದು ವಿಜ್ಞಾನಿ ಮೇಡಂವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬೇರು, ತೊಗಟೆ, ಎಲೆಗಳ ಸಾರ ತೆಗೆದು ಶುದ್ಧ ಮಾಡಿದ ಕೈ ಅವಳದು. ಮನೆಯಲ್ಲಿ ಬೈದದ್ದು ಸಾಲದೆಂಬಂತೆ ಇಲ್ಲಿಯೂ ಬೈಯಲು ಸೊಸೆ ಸಿಕ್ಕಿದ್ದು ಅವಳಿಗೆ ಒಳಗೊಳಗೇ ಖುಷಿ. ಆ ತಿಂಗಳ ಕೊನೆಗೆ ಸೊಸೆಯ ಕೆಲಸ ಕಾಯಂ ಆಗುವುದಿತ್ತು.

ಅತ್ತೆಯ ಪಾಠ ಒಂದೇ. "ಕೊನೇ ಹರಳು ಕಣ್ಣಿಗೆ ಕಾಣೋವರೆಗೂ ಏನನ್ನೂ ಚೆಲ್ಲಬೇಡ."

ಅಂದು ಮೇಜಿನ ಮೇಲಿದ್ದದ್ದು ಒಂದು ಪೊದೆಯ ಬೇರಿನ ಸಾರ. ಹುಳುಕಡ್ಡಿಯ ಮುಲಾಮಿಗಾಗಿ ಮೇಡಂ ಮೂರು ವರ್ಷದಿಂದ ಅದರ ಬೆನ್ನು ಬಿದ್ದಿದ್ದರು. ಆ ಪೊದೆ ಬೆಳೆಯುತ್ತಿದ್ದ ಗುಡ್ಡವನ್ನು ರಸ್ತೆಗಾಗಿ ಕಡಿದಾಗಿತ್ತು. ಉಳಿದಿದ್ದ ಬೇರುಗಳೆಲ್ಲ ಈ ಸಾರಕ್ಕೇ ಹೋಗಿದ್ದವು. ಇದು ಹೋದರೆ ಮತ್ತೆ ಇಲ್ಲ.

ಸಾರವನ್ನು ನೀರಿನಲ್ಲಿ ಕಲಸಿ, ಕೆಳಗೆ ನಲ್ಲಿಯಿರುವ ಗಾಜಿನ ಆಲಿಕೆಗೆ ಸುರಿದು, ಈಥರ್ ಹಾಕಿ ಕುಲುಕಬೇಕು. ಬೇಕಾದ ವಸ್ತು ಈಥರಿಗೆ ಸೇರಿ ಮೇಲೆ ತೇಲುತ್ತದೆ, ಕಲ್ಮಶ ನೀರಿನೊಂದಿಗೆ ಕೆಳಗೆ ನಿಲ್ಲುತ್ತದೆ. ಕೆಳಗಿನ ನಲ್ಲಿ ತಿರುಗಿಸಿ ನೀರನ್ನು ಜಗ್ಗಿಗೆ ಬಿಟ್ಟರಾಯಿತು. ಆದರೆ ಆ ತಿಂಗಳು ಈಥರ್ ಬಂದಿರಲಿಲ್ಲ. ಅದರ ಬದಲು ಅತ್ತೆಯೇ ಕ್ಲೋರೋಫಾರಂ ಸುರಿದಿದ್ದಳು. ಬೆಳಕು ತಾಗಿದರೆ ಕೆಡುವ ವಸ್ತುವಾದ್ದರಿಂದ ಆಲಿಕೆಗೆ ಕಪ್ಪು ಕಾಗದ ಸುತ್ತಿತ್ತು; ಪದರಗಳ ನಡುವಿನ ಗೆರೆ ಕಾಣಲು ಬೆರಳಗಲದ ಸೀಳು ಮಾತ್ರ.

"ನಿನ್ನೆಯ ಫ್ಲಾಸ್ಕಿಗೆ ಚೀಟಿ ಎಲ್ಲಿ? ಹೆಸರಿಲ್ಲದ ಬಾಟ್ಲಿಗೂ ಬಚ್ಚಲ ನೀರಿಗೂ ಏನು ವ್ಯತ್ಯಾಸ?" ಅತ್ತೆ ಸೊಸೆಯತ್ತ ತಿರುಗಿ ಬೈಯುತ್ತಲೇ ನಲ್ಲಿ ತಿರುಗಿಸಿದಳು.

"ಅತ್ತೆ, ಅದು..."

"ಎದುರು ಮಾತು ಬೇಡ."

"ಅದಲ್ಲ ಅತ್ತೆ, ಕೆಳಗೆ..."

"ಬೇಡ ಅಂದೆ! ಜಗ್ಗು, ಲೋಟ ಎಲ್ಲಾ ತಗೊಂಡು ಹೋಗಿ ತೊಳಿ. ಊಟದವರೆಗೂ ನನ್ನ ಕಣ್ಣಿಗೆ ಬೀಳ್ಬೇಡ."

ಸೊಸೆ ಎಲ್ಲವನ್ನೂ ಟ್ರೇಯಲ್ಲಿಟ್ಟುಕೊಂಡು ಹೋದಳು. ಅತ್ತೆ ಮೇಲಿನ ಪದರವನ್ನು ಫ್ಲಾಸ್ಕಿಗೆ ಹಾಕಿ ದ್ರವ ಆವಿಯಾಗಲೆಂದು ಬಿಸಿನೀರಿನ ತೊಟ್ಟಿಯ ಮೇಲೆ ತಿರುಗಲು ಬಿಟ್ಟಳು. ಹತ್ತು ನಿಮಿಷದಲ್ಲಿ ಆರಿಹೋಗಬೇಕಿದ್ದದ್ದು ಮುಕ್ಕಾಲು ಗಂಟೆಯಾದರೂ ಹಾಗೇ ಇತ್ತು. ಬಗ್ಗಿ ಮೂಸಿದಳು. ವಾಸನೆಯೇ ಇಲ್ಲ. ಬರೀ ನೀರು.

ಕ್ಲೋರೋಫಾರಂ ನೀರಿಗಿಂತ ಭಾರ. ಅದು ಕೆಳಗೆ ನಿಲ್ಲುತ್ತದೆಂದು ಅತ್ತೆಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಗೊತ್ತಿಲ್ಲದ್ದು ಕೈಗೆ. ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ ಅದು ಕೆಳಗಿನದನ್ನು ಚೆಲ್ಲಿತ್ತು.

ತೊಳೆಯುವ ಕೋಣೆಗೆ ಓಡಿದಳು. ಸೊಸೆ ಅಲ್ಲಿರಲಿಲ್ಲ. ಜಗ್ಗು ಕಟ್ಟೆಯ ಮೇಲೆ ಬೋರಲಾಗಿ, ಪಳಪಳ ಹೊಳೆಯುತ್ತಿತ್ತು. ಮೂರು ವರ್ಷದ ದುಡಿಮೆಯನ್ನು ತಾನೇ ನೀರುಪಾಲು ಮಾಡಿದೆನೆಂದು ಅತ್ತೆಗೆ ಅಳು ಬಂತು.

"ಏನಾಯ್ತು ಅತ್ತೆ?" ಬಾಗಿಲಲ್ಲಿ ಮೇಡಂ ನಿಂತಿದ್ದರು. ಅತ್ತೆಯ ಮುಖ ನೋಡಿ, ಬೋರಲಾಗಿದ್ದ ಜಗ್ಗು ನೋಡಿ, ಅವರ ದನಿ ಗಟ್ಟಿಯಾಯಿತು. "ಬೇರಿನ ಸಾರ ಹೋಯ್ತಾ? ಜಗ್ಗು ಚೆಲ್ಲಿದ್ದು ಯಾರು?"

ಗೋಡೆಯ ಪಟ್ಟಿಯಲ್ಲಿ ತೊಳೆಯುವ ಕೆಲಸದ ಮುಂದೆ ಸೊಸೆಯ ಹೆಸರಿತ್ತು. ಅವಳು ಚೆಲ್ಲಿದಳು ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಒಂದು ಕ್ಷಣ ಆ ಮಾತು ಅತ್ತೆಯ ನಾಲಿಗೆಯ ತುದಿಗೆ ಬಂದು ಕೂತಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅವಳದ್ದೇನೂ ತಪ್ಪಿಲ್ಲ. ಕೆಳಗಿನ ಪದರ ಜಗ್ಗಿಗೆ ಬಿಟ್ಟಿದ್ದು ನಾನು. ಕ್ಲೋರೋಫಾರಂ ಅನ್ನೋದು ಮರೆತೆ."

ಮೇಡಂ ಹಿಂದೆ ಸೊಸೆ ಬಂದು ನಿಂತಿದ್ದಳು. ಇಷ್ಟು ಹೊತ್ತು ಅತ್ತೆಯ ಕಣ್ಣಿಗೆ ಬೀಳದೆ ಇದ್ದದ್ದರಲ್ಲಿ ವಿಶೇಷವಿಲ್ಲ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಅವಳ ಕೈಯಲ್ಲಿ ಕಂದು ಬಾಟಲಿಯೊಂದಿತ್ತು. ಅದರ ಮೇಲೆ ಗುಂಡನೆಯ ಅಕ್ಷರದ ಚೀಟಿ: 'ಕೆಳಗಿನ ಪದರ. ಚೆಲ್ಲಬಾರದು. ಅತ್ತೆಗೆ ತೋರಿಸಬೇಕು.'

ಅತ್ತೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೋದ ಜೀವ ಬಂದ ಹಾಗಾಯಿತು. ಮರುಕ್ಷಣ ಎಂದಿನ ದನಿಯೂ ಬಂತು. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಎರಡು ಸಲ ಬಾಯಿ ತೆಗೆದೆ ಅತ್ತೆ."

ಮೇಡಂ ನಕ್ಕರು. ಅತ್ತೆ ನಗಲಿಲ್ಲ.

ಕಂದು ಬಾಟಲಿಯ ಕ್ಲೋರೋಫಾರಂ ಹತ್ತೇ ನಿಮಿಷದಲ್ಲಿ ಆರಿತು. ಉಳಿದದ್ದನ್ನು ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ ತಣ್ಣಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಗಾಜಿನ ತಳದಲ್ಲಿ ಸೂಜಿಯಂಥ ಬಿಳಿ ಹರಳುಗಳು ಮೂಡಿದವು.

ಫ್ಲಾಸ್ಕಿನಲ್ಲಿ ಉಳಿದಿದ್ದ ನೀರಿನ ಪದರಕ್ಕೆ ಕ್ಲೋರೋಫಾರಂ ಹಾಕಿ ಇನ್ನೊಮ್ಮೆ ಕುಲುಕುವುದು ಬಾಕಿಯಿತ್ತು. ಅತ್ತೆ ಆಲಿಕೆಯನ್ನು ಸೊಸೆಯ ಕೈಗೆ ಕೊಟ್ಟಳು. ಸೊಸೆ ಕುಲುಕಿದ ರೀತಿ ಸರಿಯಿರಲಿಲ್ಲ. ಬೈಗುಳ ಗಂಟಲವರೆಗೂ ಬಂತು. ಅತ್ತೆ ಅದನ್ನು ನುಂಗಿಕೊಂಡಳು.

"ಬೆಳಿಗ್ಗೆ ಏನೋ ಹೇಳೋಕೆ ಬಂದಿದ್ಯಲ್ಲ. ಈಗ ಹೇಳು."

ಸೊಸೆ ಅನುಮಾನದಿಂದ ನೋಡಿದಳು. "ಅದೇ ಅತ್ತೆ, ಈಗ ಕೆಳಗಿನದು ನಮ್ಮದು ಅಂತ."

"ಹೂಂ," ಎಂದಳು ಅತ್ತೆ. ನಲ್ಲಿಯ ಕೆಳಗಿದ್ದ ಜಗ್ಗನ್ನು ಪಕ್ಕಕ್ಕೆ ಸರಿಸಿ, ಅಲ್ಲಿ ತಾನೇ ಫ್ಲಾಸ್ಕು ಹಿಡಿದು ಕೂತಳು.